ಗುಲಾಬಿ ಬಣ್ಣಕ್ಕೆ ದುಡ್ಡು ಕೊಡಬೇಡಿ

ಮೀನಿನ ತತ್ತಿ ಅರೆದು ಮಾಡುವ ಚಟ್ನಿಯಂಥದ್ದೊಂದು ಗ್ರೀಸ್ ದೇಶದಲ್ಲಿದೆ. ಹೆಸರು ತಾರಾಮೊಸಲಾತಾ. ಮೊಬೈಲಿನಲ್ಲಿ ಹುಡುಕಿ ನೋಡಿ, ಎಷ್ಟೋ ಚಿತ್ರಗಳಲ್ಲಿ ಅದು ಜಾತ್ರೆಯ ಬೊಂಬಾಯಿ ಮಿಠಾಯಿಯಂತೆ ಗುಲಾಬಿಯಾಗಿರುತ್ತದೆ. ಅಷ್ಟು ಗುಲಾಬಿ ಮೀನಿನಿಂದ ಬಂದದ್ದಲ್ಲ, ಮೇಲೆ ಹಾಕಿದ್ದು. ಒಳ್ಳೆಯ ತತ್ತಿಯಿಂದ ಮಾಡಿದ್ದು ಕೆನೆಬಣ್ಣ, ಹೆಚ್ಚೆಂದರೆ ನಸುಗೆಂಪು.

ಇದು ದೊಡ್ಡವರ ಊಟವಲ್ಲ, ಉಪವಾಸದ ಊಟ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಮಾಂಸ, ಹಾಲು, ಕೋಳಿಮೊಟ್ಟೆ ವರ್ಜ್ಯ. ಮೀನೂ ಹೆಚ್ಚಿನ ದಿನ ಇಲ್ಲ. ಆದರೆ ಮೀನಿನ ತತ್ತಿಗೆ ಅಡ್ಡಿಯಿಲ್ಲ. ಉಪವಾಸ ಶುರುವಾಗುವ ‘ಶುದ್ಧ ಸೋಮವಾರ’ದಂದು ಲಗಾನಾ ಎಂಬ ಚಪ್ಪಟೆ ರೊಟ್ಟಿಯ ಜೊತೆ ಇದನ್ನು ತಿನ್ನುತ್ತಾರೆ.

ಮಾಡುವುದು ಸುಲಭ. ಉಪ್ಪು ಹಾಕಿ ಹದ ಮಾಡಿದ ತತ್ತಿ (ಅದೇ ತಾರಾಮಾ) 100 ಗ್ರಾಂ, ನೆನೆಸಿ ಹಿಂಡಿದ ಹಳೇ ಬ್ರೆಡ್ಡು 150 ಗ್ರಾಂ, ಸಣ್ಣ ಈರುಳ್ಳಿ ಒಂದು. ಇಷ್ಟನ್ನು ನುಣ್ಣಗೆ ಅರೆದು, 200 ಮಿಲಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ, ನಡುನಡುವೆ ನಿಂಬೆರಸ ಹಿಂಡುತ್ತಾ ತಿರುವಬೇಕು. ಬೆಣ್ಣೆಯಂತೆ ಉಬ್ಬುತ್ತದೆ. ಎಣ್ಣೆ ಒಮ್ಮೆಲೇ ಸುರಿದರೆ ಒಡೆಯುತ್ತದೆ.

‘ಮನೆಯಲ್ಲೂ ಬ್ರೆಡ್ಡು, ಎಣ್ಣೆಯೇ ಜಾಸ್ತಿ. ಅಂಗಡಿಯವರದ್ದೇನು ತಪ್ಪು?’ ಎಂದು ಕೇಳಬಹುದು. ಮನೆಯ ಹೆಂಗಸು ಬ್ರೆಡ್ಡು ಸೇರಿಸುವುದು ಹಿಡಿ ತತ್ತಿ ಮನೆಮಂದಿಗೆಲ್ಲ ಸಾಲಲಿ ಎಂದು. ಎಷ್ಟು ಸೇರಿಸಿದೆ ಎಂದು ಅವಳಿಗೆ ಗೊತ್ತು. ಅಗ್ಗದ ಡಬ್ಬಿಯಲ್ಲಿ ತತ್ತಿ ಕಡಿಮೆ ಮಾಡಿ, ಕಡಿಮೆಯಾದದ್ದು ಕಾಣದಂತೆ ಬಣ್ಣ ಬಳಿಯುತ್ತಾರೆ. ಕೊಳ್ಳುವವನು ಬ್ರೆಡ್ಡಿಗೆ ತತ್ತಿಯ ರೇಟು ಕೊಡುತ್ತಾನೆ. ಬಣ್ಣದಿಂದ ಆರೋಗ್ಯ ಕೆಡುತ್ತದೋ ಇಲ್ಲವೋ ಎಂಬುದು ನಮ್ಮ ತಕರಾರಲ್ಲ. ಅದು ಲೆಕ್ಕ ಮುಚ್ಚಿಡುತ್ತದೆ ಎಂಬುದು ತಕರಾರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಗುಲಾಬಿ ಡಬ್ಬಿ ನೋಡಿ ಬೆಳೆದವರಿಗೆ ಕೆನೆಬಣ್ಣದ ಅಸಲಿಯೇ ನಕಲಿಯಂತೆ ಕಾಣುತ್ತದೆ.

ನಮಗೇಕೆ ಈ ಊರಿಲ್ಲದ ಊರಿನ ಮಾತು? ತಾರಾಮಾಕ್ಕೆ ಬಳಸುವ ಮೀನುಗಳಲ್ಲಿ ಗೆಂಡೆ ಜಾತಿಯೂ ಒಂದು. ನಮ್ಮ ಕೆರೆಗಳಲ್ಲಿ ಬಿಡುವ ಕಾಟ್ಲಾ, ರೋಹು ಅದೇ ಕುಲದವು. ಮೀನು ಕೊಯ್ಯುವಲ್ಲಿ ಕರುಳಿನ ಜೊತೆ ತತ್ತಿಯನ್ನೂ ನಾಯಿಗೆ ಎಸೆಯುವುದನ್ನು ನಾವು ಕಂಡಿದ್ದೇವೆ.

ಒಂದು ಎಚ್ಚರಿಕೆ: ಕೆರೆ ಮೀನಿನ ಹಸಿ ತತ್ತಿಗೆ ಉಪ್ಪು ಸವರಿ ತಿನ್ನಬೇಡಿ, ಹುಳುವಿನ ಭಯವಿದೆ. ನಾವು ಉಪ್ಪುನೀರಿನಲ್ಲಿ ಒಳಗಿನವರೆಗೆ ಗಟ್ಟಿಯಾಗುವಂತೆ ಬೇಯಿಸಿ, ಬೆಂದ ಆಲೂಗಡ್ಡೆ, ಶೇಂಗಾ ಎಣ್ಣೆ, ನಿಂಬೆರಸ ಹಾಕಿ ಅರೆದೆವು. ಮೊದಲ ಸಲ ಎಣ್ಣೆ ಸುರಿದ ಅವಸರಕ್ಕೆ ಒಡೆಯಿತು. ಎರಡನೇ ಸಲ ಕೂಡಿಕೊಂಡಿತು. ಗ್ರೀಕರದ್ದಲ್ಲ, ಅದರ ದಾಯಾದಿ ಅನ್ನಿ. ಜೋಳದ ರೊಟ್ಟಿಗೆ ಹೊಂದಿತು. ಅಂದೇ ಮಾಡಿ ಅಂದೇ ಮುಗಿಸಿ.

ಮುಂದಿನ ಸಲ ಮೀನು ಕೊಳ್ಳುವಾಗ ತತ್ತಿ ಕೇಳಿ ಪಡೆಯಿರಿ. ಯಾವುದೇ ಡಬ್ಬಿ ಕೊಳ್ಳುವಾಗಲೂ ಮೇಲಿನ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ.