ಬರೆಯುವ ವರ್ಷಕ್ಕೊಂದು ಮನೆ ಬೇಕು

‘ಎಲ್ಲ ಮುಗೀತು ಮೇಡಂ, ಬರೆಯೋದೊಂದು ಬಾಕಿ.’ ಪಿಎಚ್‌.ಡಿ ವಿದ್ಯಾರ್ಥಿಗಳಿಗೆ ಗೈಡ್ ಆಗಿದ್ದವರೆಲ್ಲ ಈ ಮಾತು ಕೇಳಿರುತ್ತಾರೆ. ಕೋರ್ಸ್ ವರ್ಕ್ ಆಗಿದೆ, ಊರೂರು ಅಲೆದದ್ದಾಗಿದೆ, ಪತ್ರಾಗಾರದ ದೂಳು ಕುಡಿದದ್ದೂ ಆಗಿದೆ. ಆಮೇಲೆ ವರ್ಷ, ಎರಡು ವರ್ಷ ಸುದ್ದಿಯೇ ಇರುವುದಿಲ್ಲ. ಇತಿಹಾಸ ಪಾಠ ಮಾಡಿ ನಿವೃತ್ತಳಾದ ನನಗೆ ಹೇಳಲೇಬೇಕೆನಿಸಿರುವುದು ಈ ಕೊನೆಯ ಎರಡು ವರ್ಷಗಳ ಬಗ್ಗೆ. ಒಳ್ಳೊಳ್ಳೆಯ ಸಂಶೋಧನೆಗಳು ನಮ್ಮ ಕೈತಪ್ಪಿ ಹೋಗುವುದು ಇಲ್ಲೇ.

ಯುಜಿಸಿಯ ಜೆಆರ್‌ಎಫ್ ಫೆಲೊಶಿಪ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000 ರೂಪಾಯಿ. ಐದು ವರ್ಷಕ್ಕೆ ಅದು ನಿಂತಿತು. ಥೀಸಿಸ್ ಸಲ್ಲಿಸಲು ಮಾತ್ರ 2022ರ ಯುಜಿಸಿ ನಿಯಮ ಆರು ವರ್ಷ ಕೊಡುತ್ತದೆ, ಮರುನೋಂದಣಿಯಾದರೆ ಇನ್ನೆರಡು. ಮಹಿಳೆಯರಿಗೂ ಅಂಗವಿಕಲರಿಗೂ ಅದರ ಮೇಲೆ ಮತ್ತೆರಡು. ಹೆರಿಗೆಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಉಂಟು. ಕಾಗದದ ಮೇಲೆ ಕಾಲ ಧಾರಾಳವಾಗಿದೆ. ಆ ಕಾಲದಲ್ಲಿ ಎಲ್ಲಿ ಕೂತು ಬರೆಯಬೇಕು, ಏನು ತಿಂದು ಬರೆಯಬೇಕು ಎಂಬುದನ್ನು ಯಾವ ನಿಯಮವೂ ಹೇಳುವುದಿಲ್ಲ. ಹಾಸ್ಟೆಲ್ ಕೊಠಡಿ ಬಿಟ್ಟುಕೊಡಬೇಕು, ಮನೆಯವರು ‘ಇನ್ನೂ ಎಷ್ಟು ವರ್ಷ?’ ಎನ್ನುತ್ತಾರೆ, ಅಷ್ಟರಲ್ಲಿ ಎಲ್ಲೋ ಅತಿಥಿ ಉಪನ್ಯಾಸಕರ ಕೆಲಸ ಸಿಗುತ್ತದೆ. ಜೆಆರ್‌ಎಫ್ ಇಲ್ಲದವರಂತೂ ಈ ಒದ್ದಾಟವನ್ನು ಮೊದಲ ದಿನದಿಂದಲೇ ಹೊತ್ತಿರುತ್ತಾರೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಕೋಲಾರ ಸೀಮೆಯ ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಅವಳಿಗೆ ಬಾಯಿಪಾಠವಾದಂತಿತ್ತು. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಬಿಟ್ಟ ಕಟ್ಟುಕೊಡಗೆ ಭೂಮಿಗಳ ಪಟ್ಟಿ ಮಾಡಿದ್ದಳು. ಇಂಥ ಕೆರೆಯ ಕೆಳಗೆ ಇಷ್ಟು ಖಂಡುಗ ಗದ್ದೆ ಎಂದು ಶಾಸನ ಹೇಳುತ್ತದೆ. ಬಿತ್ತನೆಯ ಲೆಕ್ಕದ ಆ ಖಂಡುಗ ಎಷ್ಟು ನೆಲವಾಯಿತು, ಅಷ್ಟು ನೆಲಕ್ಕೆ ಆ ಕೆರೆಯ ನೀರು ಸಾಲುತ್ತಿತ್ತೇ ಎಂಬಲ್ಲಿಗೆ ಬಂದು ಅಧ್ಯಾಯ ನಿಂತುಬಿಟ್ಟಿತ್ತು. ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ಅವಳ ಪಕ್ಕದ ಎಲೆಗೆ ಕೂತವರು ನಿವೃತ್ತ ನೀರಾವರಿ ಎಂಜಿನಿಯರ್. ಕಥೆ ಕೇಳಿದ ಅವರು, ‘ಕೋಡಿ ಎಷ್ಟು ಎತ್ತರದಲ್ಲಿದೆ, ತೂಬು ಎಷ್ಟು ಎತ್ತರದಲ್ಲಿದೆ, ಅಳೆದಿದ್ದೀಯೇನಮ್ಮ?’ ಎಂದರಂತೆ. ಅವೆರಡರ ನಡುವೆ ನಿಂತ ನೀರಷ್ಟೇ ಗದ್ದೆಗೆ ಹರಿಯುವ ನೀರು. ಅದು ಗೊತ್ತಾದರೆ ಉಳಿದದ್ದು ಗುಣಾಕಾರ. ಶಾಸನ ಓದುವವರಿಗೆ ಸುಲಭವಾಗಿ ಹೊಳೆಯುವ ಪ್ರಶ್ನೆ ಇದಲ್ಲ. ಎಂಜಿನಿಯರಿಗೆ ಅದು ಮೊದಲ ಪ್ರಶ್ನೆ. ಅವಳು ಟೇಪು ಹಿಡಿದು ಮತ್ತೆ ಕೆರೆ ಏರಿಗಳ ಮೇಲೆ ನಡೆದಳು, ಹಳ್ಳಿಯ ನೀರುಗಂಟಿಗಳನ್ನು ಹೊಸದಾಗಿ ಮಾತಾಡಿಸಿದಳು. ಆ ಥೀಸಿಸ್‌ನ ಜೀವ ಆ ಅಧ್ಯಾಯದಲ್ಲಿದೆ.

ಒಂದು ನಾಡಿನ ಸಂಶೋಧನೆ ಗೃಹಪ್ರವೇಶದ ಪಂಕ್ತಿಯನ್ನು ನಂಬಿಕೊಂಡು ಕೂರಬಾರದು. ಅಂಥ ಪಂಕ್ತಿಯನ್ನು ನಾವೇ ಹಾಕಬೇಕು.

ಹಾಗೆ ಹಾಕಿದವರಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದ ಸಾಂಟಾ ಫೆ ಊರಿನಲ್ಲಿ 1907ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆಯೊಂದಿದೆ, ಹೆಸರು ಸ್ಕೂಲ್ ಫಾರ್ ಅಡ್ವಾನ್ಸ್‌ಡ್ ರಿಸರ್ಚ್. ವೈಟ್ ಮನೆತನದ ಅಕ್ಕತಂಗಿಯರ ಎಸ್ಟೇಟೇ ಅದರ ಆವರಣ. 1970ರ ದಶಕದಿಂದ ಅದು ಪ್ರತಿವರ್ಷ ಬೆರಳೆಣಿಕೆಯಷ್ಟು ಜನರನ್ನು ಸೆಪ್ಟೆಂಬರಿನಿಂದ ಮೇ ತನಕ ಕರೆಸಿಕೊಂಡು ವಸತಿ, ಓದುವ ಕೋಣೆ, ಸಂಬಳ ಕೊಟ್ಟು ಕೂರಿಸಿದೆ. ಪುಸ್ತಕ ಬರೆಯುವ ಪ್ರೊಫೆಸರರ ಜೊತೆಗೆ ಥೀಸಿಸ್ ಬರೆಯುವ ವಿದ್ಯಾರ್ಥಿಗಳೂ ಅಲ್ಲಿದ್ದರು. ಅಲ್ಲಿಗೆ ಬರಬೇಕಾದವರು ಕ್ಷೇತ್ರಕಾರ್ಯ ಮುಗಿಸಿ, ಯೋಚಿಸಿ ಬರೆಯಲು ಸಮಯ ಬೇಕಾದವರು. ಅಂದರೆ ‘ಬರೆಯೋದೊಂದು ಬಾಕಿ’ ಎನ್ನುವವರೇ.

ಸ್ಟ್ಯಾನ್‌ಫರ್ಡ್ ಬಳಿಯ ಗುಡ್ಡದ ಮೇಲೆ ಫೋರ್ಡ್ ಫೌಂಡೇಷನ್ ಹಣದಿಂದ 1954ರಲ್ಲಿ ಶುರುವಾದ ಇಂಥದೇ ಕೇಂದ್ರ ಇನ್ನೂ ಹೆಸರುವಾಸಿ. ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಕೋಣೆ, ಮಧ್ಯಾಹ್ನದ ಊಟ ಒಟ್ಟಿಗೆ. ಭೌತವಿಜ್ಞಾನ ಓದಿ ವಿಜ್ಞಾನದ ಇತಿಹಾಸಕ್ಕೆ ಬಂದ ಥಾಮಸ್ ಕೂನ್ 1958–59ರಲ್ಲಿ ಅಲ್ಲಿ ಸಮಾಜವಿಜ್ಞಾನಿಗಳ ನಡುವೆ ಇದ್ದರು. ತಮ್ಮ ಶಾಸ್ತ್ರದ ಮೂಲ ಪ್ರಶ್ನೆ ಯಾವುದು ಎಂಬುದರ ಬಗ್ಗೆಯೇ ಅವರು ವಾದ ಮಾಡುವುದನ್ನು ಕಂಡು, ಭೌತವಿಜ್ಞಾನಿಗಳಲ್ಲಿ ಈ ಜಗಳ ಏಕಿಲ್ಲ ಎಂದು ಕೇಳಿಕೊಂಡರು. 1962ರ ಅವರ ಪುಸ್ತಕದ ತಿರುಳಾದ ‘ಪ್ಯಾರಡೈಮ್’ (ಒಂದು ಶಾಸ್ತ್ರದವರೆಲ್ಲ ಒಪ್ಪಿಕೊಂಡ ಮಾದರಿ) ಕಲ್ಪನೆಗೆ ದಾರಿಯಾದದ್ದು ಆ ಪ್ರಶ್ನೆ.

ಅದೇ ಗುಡ್ಡದ ಮೇಲೆ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೂ ಇದ್ದರು. ಅವರು ‘ರಾಮಪುರ’ ಎಂದು ಹೆಸರು ಮರೆಸಿ ಬರೆದ ಹಳ್ಳಿಯಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ, ಅವುಗಳ ಮೂರೂ ಪ್ರತಿಗಳನ್ನು ಅಲ್ಲಿಗೆ ಒಯ್ದಿದ್ದರು. 1970ರ ಏಪ್ರಿಲ್ 24ರಂದು ಯಾರೋ ಕೇಂದ್ರಕ್ಕೆ ಬೆಂಕಿ ಹಚ್ಚಿದರು, ಮೂರೂ ಸುಟ್ಟುಹೋದವು. ನೆನಪಿನಿಂದಲೇ ಬರೆ ಎಂದು ಧೈರ್ಯ ತುಂಬಿದವರು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. ಹಾಗೆ ಹುಟ್ಟಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ನಾನು ಅದನ್ನು ಓದುವಾಗಲೆಲ್ಲ ನೆನೆಯುವುದು ಆ ಬೆಂಕಿಯ ಮರುದಿನಗಳನ್ನು. ಬೇರೆ ಚಿಂತೆಗಳಿಲ್ಲದ ಕಾಲ ಅವರಿಗಿತ್ತು, ಸುತ್ತ ವಿದ್ವಾಂಸರಿದ್ದರು. ನಮ್ಮ ಸಂಶೋಧನಾ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಕೆಟ್ಟು ಎರಡು ಅಧ್ಯಾಯ ಅಳಿಸಿಹೋದರೆ ಮರುದಿನ ಬೆಳಿಗ್ಗೆ ಅವನು ಹತ್ತು ಗಂಟೆಯ ಕ್ಲಾಸಿಗೆ ಬಸ್ಸು ಹಿಡಿಯಬೇಕು.

ನಮ್ಮ ದೇಶದಲ್ಲೂ ಇಂಥದ್ದು ಇಲ್ಲವೆಂದಲ್ಲ. 1888ರಲ್ಲಿ ವೈಸರಾಯ್‌ಗಾಗಿ ಕಟ್ಟಿದ ಶಿಮ್ಲಾದ ಭವನವನ್ನು ರಾಷ್ಟ್ರಪತಿ ರಾಧಾಕೃಷ್ಣನ್ ವಿದ್ವಾಂಸರಿಗೆ ಬಿಡಿಸಿಕೊಟ್ಟರು, 1965ರಲ್ಲಿ ಅಲ್ಲಿ ಉನ್ನತ ಅಧ್ಯಯನ ಸಂಸ್ಥೆ ಆರಂಭವಾಯಿತು. ನಮ್ಮ ವಿಮರ್ಶಕ ಡಿ.ಆರ್. ನಾಗರಾಜ್ ಅಲ್ಲಿ ಫೆಲೊ ಆಗಿದ್ದರು. ಆದರೆ ಅದು ಮುಖ್ಯವಾಗಿ ಆಗಲೇ ವಿದ್ವಾಂಸರೆನಿಸಿಕೊಂಡವರ ಮನೆ. ಬೆಂಗಳೂರಿನ ಐಸೆಕ್, ನಿಯಾಸ್‌ನಂಥ ಸಂಶೋಧನಾ ಸಂಸ್ಥೆಗಳಲ್ಲಿ ಪಿಎಚ್‌.ಡಿ ಮಾಡುವವರಿಗೆ ಬೇರೆ ವಿಷಯದವರ ಒಡನಾಟ ದಕ್ಕುತ್ತದೆ. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಕನ್ನಡದಲ್ಲಿ ಥೀಸಿಸ್ ಬರೆಯುವವಳಿಗೆ ಯಾರ ಒಡನಾಟ?

ಬೇರೆ ಬೇರೆ ಕಸುಬಿನವರು ಒಂದೆಡೆ ಉಳಿದು ಮಾತಾಡುವುದು ನಮಗೆ ಹೊಸತೂ ಅಲ್ಲ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಹೋದವರಿಗೆ ಅದು ಗೊತ್ತು. ಬೆಳಿಗ್ಗೆ ಉಪನ್ಯಾಸ, ಸಂಜೆ ನಾಟಕ, ನಡುವೆ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಡೆಯುವ ವಾದ. ಅಲ್ಲಿ ಕೆಲವೇ ದಿನ ಆಗುವುದನ್ನು ಒಂಬತ್ತು ತಿಂಗಳಿಗೆ ಹಿಗ್ಗಿಸಿ, ಪ್ರತಿಯೊಬ್ಬರಿಗೂ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಕೊಟ್ಟರೆ ನಾನು ಕೇಳುತ್ತಿರುವ ಮನೆ ಸಿದ್ಧವಾಗುತ್ತದೆ.

ಹಣದ ಲೆಕ್ಕ ಹಾಕಿದ್ದೇನೆ. ವರ್ಷಕ್ಕೆ ಇಪ್ಪತ್ತು ಮಂದಿ, ಒಂಬತ್ತು ತಿಂಗಳು, ತಿಂಗಳಿಗೆ 30,000 ರೂಪಾಯಿ ಎಂದರೆ 54 ಲಕ್ಷ. ಊಟ, ಕರೆಂಟು, ಅಡುಗೆಯವರ ಸಂಬಳಕ್ಕೆ ತಲೆಗೆ ತಿಂಗಳಿಗೆ ಹತ್ತು ಸಾವಿರ ಹಿಡಿದರೆ ಇನ್ನೊಂದು 18 ಲಕ್ಷ. ಪುಸ್ತಕ, ಪ್ರಯಾಣ ಸೇರಿಸಿದರೂ ಕೋಟಿ ದಾಟುವುದಿಲ್ಲ. ಹೊಸ ಕಟ್ಟಡ, ಶಂಕುಸ್ಥಾಪನೆ ಯಾವುದೂ ಬೇಡ. ಖಾಲಿ ಬಿದ್ದಿರುವ ಅತಿಥಿಗೃಹವೊಂದು ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು. ಸುಮ್ಮನೆ ಕೂತು ಬರೆಯುವವರಿಗೆ ಸರ್ಕಾರ ಯಾಕೆ ಅನ್ನ ಹಾಕಬೇಕು ಎಂದು ಕೇಳುವವರಿರುತ್ತಾರೆ. ಸರ್ಕಾರ ಐದು ವರ್ಷ ಹಣ ಕೊಟ್ಟು ಮಾಡಿಸಿದ ಸಂಶೋಧನೆ ಬರವಣಿಗೆಯಾಗದೆ ಟ್ರಂಕಿನಲ್ಲಿ ಉಳಿದರೆ ಆಗುವ ನಷ್ಟವನ್ನು ಅವರು ಒಮ್ಮೆ ಲೆಕ್ಕ ಹಾಕಲಿ.

ಕೆಲವು ವಿಷಯಗಳಲ್ಲಿ ಮಾತ್ರ ರಾಜಿ ಕೂಡದು. ಒಂದೇ ವಿಭಾಗದಿಂದ ಮೂವರಿಗಿಂತ ಹೆಚ್ಚು ಜನ ಬೇಡ. ಮಣ್ಣು ಪರೀಕ್ಷೆ ಮಾಡುವವನೂ ಜನಪದ ಹಾಡು ಸಂಗ್ರಹಿಸುವವಳೂ ಒಂದೇ ಮೇಜಿನಲ್ಲಿ ಅನ್ನ ಸಾರು ಉಣ್ಣಬೇಕು. ಕನ್ನಡದಲ್ಲಿ ಬರೆಯುವವರಿಗೆ ಅರ್ಧ ಜಾಗ ಮೀಸಲಿರಲಿ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಮಗುವನ್ನೂ ಅದನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕರೆತರಲು ಅವಕಾಶ ಬೇಕು. ಇಲ್ಲವಾದರೆ ಆ ಮನೆ ಗಂಡಸರದ್ದೇ ಆಗಿಬಿಡುತ್ತದೆ. ವಾರಕ್ಕೊಮ್ಮೆ ಒಬ್ಬರು ತಮ್ಮ ಅಧ್ಯಾಯ ಓದಬೇಕು, ಪ್ರಶ್ನೆ ಕೇಳುವ ಮೊದಲ ಹಕ್ಕು ಬೇರೆ ವಿಷಯದವರಿಗೆ. ಕೊನೆಯದು ನನ್ನ ಜೊತೆಯ ಅಧ್ಯಾಪಕರಿಗೆ ಸಂಬಂಧಿಸಿದ್ದು: ಅರ್ಜಿಗೆ ಗೈಡ್‌ನ ಅನುಮತಿ ಪತ್ರ ಕಡ್ಡಾಯ ಮಾಡಬಾರದು. ಸಹಿಗಾಗಿ ತಿಂಗಳುಗಟ್ಟಲೆ ಬಾಗಿಲಲ್ಲಿ ಕಾದವರನ್ನು ನಾನು ನೋಡಿದ್ದೇನೆ. ವಿದ್ಯಾರ್ಥಿ ಬರೆಯಲು ಹೋಗುತ್ತಿದ್ದಾನೆ ಎಂಬ ಮಾಹಿತಿ ಗೈಡ್‌ಗೆ ತಲುಪಿದರೆ ಸಾಕು.