ಕೇಬಲ್ ಎಳೆದದ್ದಕ್ಕಲ್ಲ, ನೆಟ್ ಬಂದದ್ದಕ್ಕೆ ದುಡ್ಡು ಕೊಡಿ

ಇಂದಿರಾನಗರದ ಯಾವ ಅಡ್ಡರಸ್ತೆಯಲ್ಲಿ ತಲೆಯೆತ್ತಿದರೂ ಮರದಿಂದ ಕಂಬಕ್ಕೆ, ಕಂಬದಿಂದ ಮಹಡಿಗೆ ಜೋತುಬಿದ್ದ ಕಪ್ಪು ಕೇಬಲ್‌ಗಳ ಗೊಂಚಲು ಕಾಣುತ್ತದೆ. ಒಂದೇ ಮನೆಗೆ ಬ್ರಾಡ್‌ಬ್ಯಾಂಡ್ ಕೊಡಲು ಹಲವು ಕಂಪನಿಗಳು ಪೈಪೋಟಿಗೆ ಬಿದ್ದಿವೆ. 2021ರ ಜೂನ್‌ನಲ್ಲಿ ನಾಡೆಲ್ಲ ನೋಡಿದ ಚಿತ್ರ ಬೇರೆಯದೇ. ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಹಳ್ಳಿಯಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದ.

ಅದೇ ಜೂನ್ 30ರಂದು ಕೇಂದ್ರ ಸಂಪುಟ, ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್ ಯೋಜನೆಯನ್ನು ಕರ್ನಾಟಕವೂ ಸೇರಿದ 16 ರಾಜ್ಯಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ನಡೆಸಲು ಒಪ್ಪಿಗೆ ಕೊಟ್ಟಿತು. ಲಾಭ ಬಾರದ ಕಡೆ ಕೊರತೆ ತುಂಬಲು 19,041 ಕೋಟಿ ರೂಪಾಯಿ ಎತ್ತಿಟ್ಟರು. 16 ರಾಜ್ಯಗಳನ್ನು 9 ಪ್ಯಾಕೇಜ್ ಮಾಡಿ ಟೆಂಡರ್ ಕರೆದರೆ ಒಬ್ಬರೂ ಮುಂದೆ ಬರಲಿಲ್ಲ. ಟೆಂಡರೇ ರದ್ದಾಯಿತು.

ಹಾಗೆಂದು ಖಾಸಗಿಯವರ ಸಹವಾಸವೇ ಬೇಡವೆನ್ನುವುದು ತಪ್ಪು. ಈ ದೇಶ ಹಿಂದೊಮ್ಮೆ ಇಂಥ ಸಹಭಾಗಿತ್ವವನ್ನು ಚೆನ್ನಾಗಿಯೇ ನಡೆಸಿತ್ತು, ಅದೂ ಕರ್ನಾಟಕದಿಂದಲೇ ಶುರುಮಾಡಿ.

1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ ಪುಟ್ಟ ದೂರವಾಣಿ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. 128 ಪೋರ್ಟುಗಳ ಈ ಯಂತ್ರಕ್ಕೆ ಎಸಿ ಕೋಣೆ ಬೇಡ. ಸೆಕೆಗೂ ದೂಳಿಗೂ ಅದು ಜಗ್ಗುತ್ತಿರಲಿಲ್ಲ. ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ತಂತ್ರಜ್ಞಾನವನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಿಂದ ನೆಲೆನಿಂತ ಸರ್ಕಾರಿ ದೂರವಾಣಿ ಕಾರ್ಖಾನೆ ಐಟಿಐಗೂ ಕೊಟ್ಟಿತು, ಖಾಸಗಿ ಕಾರ್ಖಾನೆಗಳಿಗೂ ಕೊಟ್ಟಿತು. ಕೊನೆಯ ಹೆಜ್ಜೆಯನ್ನು ಎಸ್‌ಟಿಡಿ ಬೂತ್‌ನವರು ಕಮಿಷನ್ ಲೆಕ್ಕದಲ್ಲಿ ಪೂರೈಸಿದರು. ಶಿವಾಜಿನಗರದ ಸಂದಿಯಲ್ಲೂ ತಾಲ್ಲೂಕು ಬಸ್ ನಿಲ್ದಾಣದಲ್ಲೂ ಅಂಥ ಬೂತ್‌ಗಳು ಎಷ್ಟೋ ಅಂಗವಿಕಲರ ಮನೆ ನಡೆಸಿದವು. ದೊಡ್ಡ ಖರ್ಚು ಸರ್ಕಾರದ್ದು, ತಯಾರಿಕೆ ಇಬ್ಬರದೂ, ಗ್ರಾಹಕರ ಹೊಣೆ ಊರಿನವರದ್ದು. ಯಾರ ತಲೆಯ ಮೇಲೂ ಹೊರಲಾರದ ಭಾರ ಬೀಳಲಿಲ್ಲ.

ಬ್ರಾಡ್‌ಬ್ಯಾಂಡ್‌ಗೂ ಈ ಹಂಚಿಕೆಯೇ ಸರಿ. ಪಂಚಾಯಿತಿವರೆಗೆ ಫೈಬರ್ ಒಯ್ಯುವುದು ಸರ್ಕಾರದ ಹೊಣೆ. ಅಲ್ಲಿಂದ ಮನೆಮನೆಗೆ ಕೊಡುವ ಕೆಲಸ ಸ್ಥಳೀಯ ಕೇಬಲ್ ಆಪರೇಟರ್‌ಗಳಿಗೆ ಸಿಗಬೇಕು. ಕೆ.ಆರ್. ಪುರದ ಆಚೆಯ ಬಡಾವಣೆಗಳಿಗೆ ಮೊದಲು ಟಿವಿ ಕೇಬಲ್ ಎಳೆದವರು ಇಂಥವರೇ. ಲೈನ್ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಊರಿಗೆ ಗೊತ್ತಿರುತ್ತದೆ, ಕಾಲ್ ಸೆಂಟರ್‌ಗೆ ಫೋನ್ ಮಾಡಿ ಕಾಯಬೇಕಿಲ್ಲ.

ಲೈನ್ ಕೆಡುವುದೇ ಇಲ್ಲಿನ ದೊಡ್ಡ ರೋಗ. ರಸ್ತೆ ಅಗಲಿಸುವಾಗ, ನೀರಿನ ಪೈಪ್ ಹೂಳುವಾಗ ಜೆಸಿಬಿ ಫೈಬರನ್ನು ಕತ್ತರಿಸುತ್ತದೆ. ಒಂದೇ ಸಾಲಿನಲ್ಲಿ ಎಳೆದ ಕೇಬಲ್ ತುಂಡಾದರೆ ಮುಂದಿನ ಪಂಚಾಯಿತಿಗಳೆಲ್ಲ ಸ್ತಬ್ಧ. ಗ್ರಾಮ ಒನ್ ಕೇಂದ್ರದಲ್ಲಿ, ಹೆಬ್ಬೆಟ್ಟು ಒತ್ತಬೇಕಾದ ನ್ಯಾಯಬೆಲೆ ಅಂಗಡಿಯಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿಬರುವುದು ಒಂದೇ ಮಾತು: ನೆಟ್ ಇಲ್ಲ, ನಾಳೆ ಬನ್ನಿ. ಕೂಲಿ ಬಿಟ್ಟು ಬಂದವರಿಗೆ ಆ ನಾಳೆಯ ಬೆಲೆ ಒಂದು ದಿನದ ಊಟ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ, 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಈ ತಪ್ಪನ್ನು ಗುರುತಿಸಿದೆ. ಕೇಬಲ್ ಈಗ ಬಳೆಯಾಕಾರದಲ್ಲಿ ಸಾಗುತ್ತದೆ. ಒಂದು ಕಡೆ ಕತ್ತರಿಸಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಕಟ್ಟಿದ ಗುತ್ತಿಗೆದಾರರೇ 10 ವರ್ಷ ನಿರ್ವಹಿಸಬೇಕು. ಗ್ರಾಮೀಣ ಮನೆಗಳಿಗೆ 1.5 ಕೋಟಿ ಫೈಬರ್ ಸಂಪರ್ಕದ ಗುರಿಯಿದೆ. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ.

ಆದರೆ ಗುರಿ ತಲುಪುವುದು ಎಷ್ಟು ಕಷ್ಟವೆಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. ಬೆಂಗಳೂರಿನ ಬಿಇಎಲ್ ಮುಂದಾಳತ್ವದ ಒಕ್ಕೂಟ ವಿದ್ಯುತ್ ಕಂಬಗಳನ್ನೇ ಬಳಸಿ ಅಲ್ಲಿನ ಸರ್ಕಾರದ ಕೆ-ಫೋನ್ ಜಾಲ ಕಟ್ಟಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್‌ನೆಟ್ ಎಂದು ಹೇಳಲಾಗಿತ್ತು. 2023ರ ಜೂನ್‌ನಲ್ಲಿ ಉದ್ಘಾಟನೆಯಾದಾಗ ಮೊದಲ ಹಂತಕ್ಕೆ ಇಟ್ಟುಕೊಂಡದ್ದು 14,000 ಮನೆ.

ದರದ ಮಾತೂ ಇದೆ. ಚಹಾ ಅಂಗಡಿಯವರೂ ಪರವಾನಗಿ ಇಲ್ಲದೆ ವೈ-ಫೈ ಮಾರಲು ಪಿಎಂ-ವಾಣಿ ಯೋಜನೆ 2020ರಲ್ಲೇ ಬಂತು. ಆದರೆ ಅವರು ಕೊಳ್ಳುವ ಸಂಪರ್ಕ ದುಬಾರಿಯಾಗಿತ್ತು. 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆ ದರದ ಎರಡು ಪಟ್ಟು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರಲ್ಲಿ ಆದೇಶಿಸಿತು. ತಡವಾದರೂ ಒಳ್ಳೆಯ ನಿರ್ಧಾರ.

ಇನ್ನುಳಿದದ್ದು ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ. ಪ್ರತಿ ತಿಂಗಳು ಎಷ್ಟು ಗಂಟೆ ನೆಟ್ ಇತ್ತೆಂಬ ಲೆಕ್ಕವನ್ನು ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಬೇಕು, ಅದನ್ನು ಗ್ರಾಮಸಭೆಯ ಮುಂದಿಡಬೇಕು. ಸಭೆ ಒಪ್ಪದಿದ್ದರೆ ಗುತ್ತಿಗೆದಾರರ ಆ ತಿಂಗಳ ಬಿಲ್‌ ಕಡಿತಗೊಳಿಸುವಂತೆ ಕೇಂದ್ರದ ಮೇಲೆ ಒತ್ತಡ ತರಬೇಕು.