ಔಷಧಕ್ಕೆ ಮಣಿಯದ ರೋಗಾಣುಗಳ ಲೆಕ್ಕ ಯಾರಲ್ಲಿದೆ?

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದುದನ್ನೂ 2018ರ ಜನವರಿಯಲ್ಲಿ ಕೆರೆಯಂಗಳ ಹೊತ್ತಿ ಉರಿದುದನ್ನೂ ನಾವೆಲ್ಲರೂ ಬಲ್ಲೆವು. ಕಣ್ಣಿಗೆ ಕಂಡ ಆ ವಿಪತ್ತು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಣ್ಣಿಗೆ ಕಾಣದ ಇನ್ನೊಂದರತ್ತ ಸದ್ಭಕ್ತರ ಗಮನ ಸೆಳೆಯಬಯಸುತ್ತೇವೆ. ಆಂಟಿಬಯಾಟಿಕ್ ಔಷಧಗಳಿಗೆ ಮಣಿಯದ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಮೃತಪಟ್ಟರೆಂದು ಅಂದಾಜು.

ರೋಗಿಯ ಮೂತ್ರ, ರಕ್ತ ಅಥವಾ ಕೀವಿನಲ್ಲಿರುವ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟು ನೋಡುವುದು ಕಲ್ಚರ್ ಪರೀಕ್ಷೆ. ಬಿಲ್ಲೆಯ ಅಂಚಿನವರೆಗೂ ರೋಗಾಣು ಬೆಳೆದರೆ ಆ ಔಷಧ ನಿಷ್ಪ್ರಯೋಜಕ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಅಂದಾಜಿನಿಂದಲೇ ಚಿಕಿತ್ಸೆ ಆರಂಭಿಸುತ್ತಾರೆ. ಅದೇ ಪ್ರದೇಶದ ನೂರಾರು ರೋಗಿಗಳ ಫಲಿತಾಂಶ ಒಂದೆಡೆ ಸಿಕ್ಕರೆ ಆ ಅಂದಾಜು ತಪ್ಪುವುದು ಕಡಿಮೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ಇಂತಹ ನಿಗಾ ಜಾಲವನ್ನು ಆರಂಭಿಸಿತು. ಆದರೆ ಅದರ ಅಂಕಿಅಂಶಗಳು ಬಹುಪಾಲು ದೊಡ್ಡ ಆಸ್ಪತ್ರೆಗಳವು. ಅಲ್ಲಿಗೆ ಬರುವವರು ಹಲವೆಡೆ ಔಷಧ ಸೇವಿಸಿ ಸೋತು ಬಂದವರು. ಹೊರವರ್ತುಲ ರಸ್ತೆಯ ಬದಿಯ ಸಣ್ಣ ನರ್ಸಿಂಗ್ ಹೋಮಿಗೆ ಹೋಗುವ ಕಟ್ಟಡ ಕಾರ್ಮಿಕನ, ಮನೆಗೆಲಸದಾಕೆಯ ರೋಗಾಣು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಪರೀಕ್ಷೆಯ ಖರ್ಚಿಗೆ ಹೆದರಿ ಅನೇಕರು ಅದನ್ನು ಮಾಡಿಸುವುದೂ ಇಲ್ಲ. ನೆರೆಯ ಕೇರಳವು 2018ರಲ್ಲಿಯೇ ತನ್ನದೇ ಕಾರ್ಯಯೋಜನೆ ರೂಪಿಸಿ, ಮುಂದೆ ರಾಜ್ಯದ ಫಲಿತಾಂಶಗಳನ್ನು ಪ್ರಕಟಿಸತೊಡಗಿತು. ನಮ್ಮಲ್ಲಿಯೂ ಸಣ್ಣ ಆಸ್ಪತ್ರೆಗಳನ್ನು ಒಳಗೊಂಡ ಲೆಕ್ಕ ಬೇಕೆಂಬುದು ನಮ್ಮ ಅಭಿಮತ.

ಕೊಳಚೆ ನೀರನ್ನೂ ಅದರಲ್ಲಿ ಸೇರಿಸಬೇಕು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಎರಡು ಹಂತದ ಶುದ್ಧೀಕರಣದ ಬಳಿಕ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬರಗಾಲದ ಜಿಲ್ಲೆಗೆ ನೀರು ಬಂದುದು ಸಂತೋಷವೇ; ಆದರೆ ಅಷ್ಟು ಶುದ್ಧೀಕರಣದಿಂದ ಇಂತಹ ರೋಗಾಣುಗಳು ಪೂರ್ಣವಾಗಿ ನಾಶವಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆಯಲ್ಲಿ ವೈರಾಣುವಿನ ಕುರುಹು ಹುಡುಕಿದ್ದುಂಟು. ಆ ಅನುಭವ ಇಲ್ಲಿಯೂ ಬಳಕೆಯಾಗಲಿ.

ತಪ್ಪು ಆಸ್ಪತ್ರೆಗಳದು ಮಾತ್ರವೇ? ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಟ್ಟುನಿಟ್ಟು 2014ರಿಂದಲೇ ಇದೆ. ಆದರೂ ನೆಗಡಿಯಾದೊಡನೆ ಔಷಧದಂಗಡಿಗೆ ಹೋಗಿ “ಹೋದ ಸಲ ಕೊಟ್ಟಿದ್ದನ್ನೇ ಕೊಡಿ” ಎನ್ನುವವರಲ್ಲಿ ನಾವೂ ಇದ್ದೇವೆ. ನೆಗಡಿ ವೈರಾಣುವಿನಿಂದ ಬರುವುದು. ಅದಕ್ಕೆ ಈ ಮಾತ್ರೆ ತಾಗದು.

ನಾಡಿನ ಮಠಗಳ ಆಶ್ರಯದಲ್ಲಿ ವೈದ್ಯಕೀಯ ಕಾಲೇಜುಗಳೂ ಪ್ರಯೋಗಾಲಯಗಳೂ ಇವೆ. ಅವು ಸುತ್ತಲಿನ ಸಣ್ಣ ಆಸ್ಪತ್ರೆಗಳ ಮಾದರಿಗಳನ್ನು ಕಡಿಮೆ ದರದಲ್ಲಿ ಪರೀಕ್ಷಿಸಿ, ರೋಗಿಯ ಹೆಸರಿಲ್ಲದೆ ಫಲಿತಾಂಶವನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಅದೂ ದಾಸೋಹವೇ. ಭಕ್ತರು ಸದ್ಯಕ್ಕೆ ಇಷ್ಟು ಮಾಡಬಹುದು: ಆಸ್ಪತ್ರೆ ಬದಲಿಸುವಾಗ ಹಳೆಯ ಕಲ್ಚರ್ ವರದಿಯನ್ನು ತಪ್ಪದೆ ಜೊತೆಗೆ ಒಯ್ಯಿರಿ.